ಒಳ್ಳೆಯ ಮಿಸ್ತ್ರಿ ಗ್ಯಾರೇಜು ಬಿಡುವುದೇಕೆ?

ಮುಂಗಾರಿನ ಮೊದಲ ಮಳೆಗಳು ಹಾವೇರಿ ಜಿಲ್ಲೆಯ ನೆಲವನ್ನು ತೋಯಿಸಿದ ನಂತರ ರೈತನಿಗೆ ದೊರೆಯುವ ಬಿತ್ತನೆಯ ಹದ ಕೆಲವೇ ದಿನಗಳದ್ದು. ಆ ದಿನಗಳಲ್ಲಿ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಮೇಲೇಳದಿದ್ದರೆ, ಕ್ಲಚ್ ಸುಟ್ಟರೆ, ಡೀಸೆಲ್ ಪಂಪ್ ಕೈಕೊಟ್ಟರೆ ಹೊಲದ ಒಡೆಯ ಮೊದಲು ಹುಡುಕುವುದು ಕಂಪನಿಯ ಸೇವಾ ಕೇಂದ್ರವನ್ನಲ್ಲ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಆಸುಪಾಸಿನಲ್ಲೋ ಊರ ಹೊರಗಿನ ರಸ್ತೆಯ ಬದಿಯಲ್ಲೋ ತಗಡಿನ ಶೆಡ್ಡಿನಲ್ಲಿ ನಡೆಯುವ ಗ್ಯಾರೇಜನ್ನು. ಗ್ಯಾರೇಜು ತೆರೆದಿದ್ದು ಅಲ್ಲಿನ ಮಿಸ್ತ್ರಿ ಮಾತ್ರ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿಬಿಟ್ಟಿದ್ದರೆ ಆ ಹಂಗಾಮಿನ ಬಿತ್ತನೆಯೇ ತಡವಾಗುತ್ತದೆ. ಹದ ತಪ್ಪಿದ ಬಿತ್ತನೆಯ ನಷ್ಟವನ್ನು ಗ್ಯಾರೇಜಿನ ಬಿಲ್ಲಿನಲ್ಲಿ ಯಾರೂ ಬರೆಯುವುದಿಲ್ಲ.

ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ಈ ಮಾತಿಗೆ ಒಪ್ಪುವ ಊರುಗಳು. ಹಾನಗಲ್ ಭಾಗದಲ್ಲಿ ಭತ್ತ ಮತ್ತು ಮಾವು, ಹಿರೇಕೆರೂರಿನಲ್ಲಿ ಗೋವಿನಜೋಳ ಮತ್ತು ಹತ್ತಿ, ಸವಣೂರಿನಲ್ಲಿ ಹೆಸರಾಂತ ವೀಳ್ಯದೆಲೆಯ ತೋಟಗಳು. ಶಿಗ್ಗಾವಿಗೆ ಇವುಗಳ ಜೊತೆಗೆ ಮೊದಲು ನಾಲ್ಕನೆಯದಾಗಿದ್ದು ಈಗ 48ನೆಯದೆಂದು ಹೆಸರಾಗಿರುವ ರಾಷ್ಟ್ರೀಯ ಹೆದ್ದಾರಿ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಾಗಿನಿಂದ ಇಲ್ಲಿನ ಒಕ್ಕಲುತನ ಎತ್ತಿನಿಂದ ಇಂಜಿನಿಗೆ ಬಹುಪಾಲು ಬದಲಾಗಿದೆ. ಟ್ರ್ಯಾಕ್ಟರ್, ರಾಶಿ ಯಂತ್ರ, ಸರಕು ಆಟೋ, ಪ್ರತಿ ಮನೆಯ ಮುಂದಿನ ಬೈಕು ಎಲ್ಲವೂ ಕೊನೆಗೆ ನಿಲ್ಲುವುದು ಇಬ್ಬರು ಮೂವರು ದುಡಿಯುವ ಇಂಥ ಸಣ್ಣ ಅಂಗಡಿಗಳ ಮುಂದೆಯೇ.

ಈ ಅಂಗಡಿಗಳ ಮಾಲಕರು ಸಾಮಾನ್ಯವಾಗಿ ಹೇಳಿಕೊಳ್ಳುವ ಸಂಕಟ ಒಂದೇ. ಕೆಲಸ ಬಾರದವನು ಎಲ್ಲಿಗೂ ಹೋಗುವುದಿಲ್ಲ, ಕೆಲಸ ಬಲ್ಲವನು ನಿಲ್ಲುವುದಿಲ್ಲ. ಐದಾರು ವರ್ಷ ಪಾನಾ ಕೊಟ್ಟು, ಗ್ರೀಸು ಬಳಿಸಿ ತಿದ್ದಿದ ಹುಡುಗ ಇಂಜಿನ್ ಬಿಚ್ಚಿ ಕೂಡಿಸುವಷ್ಟು ಪಳಗಿದ ಕೂಡಲೇ ನಗರದ ದಾರಿ ಹಿಡಿಯುತ್ತಾನೆ, ಇಲ್ಲವೇ ಎದುರಿಗೇ ಅಂಗಡಿ ತೆರೆಯುತ್ತಾನೆ. ಸ್ಪ್ಯಾನರನ್ನು ಈ ಭಾಗದವರು ಪಾನಾ ಎನ್ನುತ್ತಾರೆ; ಪಾನಾ ಕೊಡುವುದು ಎಂದರೆ ಕೆಲಸ ಕಲಿಯುವುದರ ಮೊದಲ ಮೆಟ್ಟಿಲು.

ಹೋಗುವವನ ಜೊತೆ ಹೋಗುವುದೇನು ಎಂಬುದನ್ನು ಮಾಲಕರು ಬಹುತೇಕ ಕಡಿಮೆ ಅಂದಾಜು ಮಾಡುತ್ತಾರೆ. ಎರಡು ಕೈಗಳ ದುಡಿಮೆಯಷ್ಟೇ ಅಲ್ಲ. ಯಾವ ಊರಿನ ಯಾವ ಗೌಡರ ಟ್ರ್ಯಾಕ್ಟರಿಗೆ ಹಿಂದಿನ ವರ್ಷ ಗೇರ್ ಬಾಕ್ಸಿನಲ್ಲಿ ಯಾವ ಬೇರಿಂಗ್ ಹಾಕಲಾಗಿತ್ತು, ಯಾವ ಗಿರಾಕಿ ಆಯಿಲ್ ಬದಲಿಸದೆ ಓಡಿಸುತ್ತಾನೆ, ಯಾವ ಇಂಜಿನಿನ ಬ್ಲಾಕಿಗೆ ಈಗಾಗಲೇ ಎರಡು ಸಲ ಬೋರಿಂಗ್ ಆಗಿದೆ ಎಂಬುದೆಲ್ಲ ಯಾವ ಪುಸ್ತಕದಲ್ಲೂ ಇರುವುದಿಲ್ಲ; ಮಿಸ್ತ್ರಿಯ ನೆನಪಿನಲ್ಲಿರುತ್ತದೆ. ಸದ್ದು ಕೇಳಿಯೇ ದೋಷ ಹೇಳುವ ಜಾಣ್ಮೆಯ ಅರ್ಧ ಭಾಗ ಈ ನೆನಪೇ. ಅವನ ಸ್ಥಾನಕ್ಕೆ ಬಂದ ಹೊಸಬ ಅಷ್ಟೇ ಕುಶಲನಾಗಿದ್ದರೂ ಒಂದು ಹಂಗಾಮು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಮಾಡಿದ ಕೆಲಸವೇ ಮರಳಿ ಬರುತ್ತದೆ, ಮರಳಿ ಬಂದದ್ದಕ್ಕೆ ಮಜೂರಿ ಕೇಳುವಂತಿಲ್ಲ, ಗಿರಾಕಿಯಂತೂ ಹಳೆಯ ಮಿಸ್ತ್ರಿ ಈಗೆಲ್ಲಿದ್ದಾನೆ ಎಂದು ವಿಚಾರಿಸುತ್ತಾನೆ.

ಸಂಬಳವೊಂದೇ ಕಾರಣವಲ್ಲ

ನಗರದ ಪಗಾರಕ್ಕೆ ಸರಿಗಟ್ಟಲು ನಮ್ಮಿಂದಾಗದು ಎಂಬುದು ಮಾಲಕರ ಸಿದ್ಧ ಉತ್ತರ. ಅದರಲ್ಲಿ ಸತ್ಯವಿದೆ, ಆದರೆ ಪೂರ್ಣ ಸತ್ಯವಲ್ಲ. ಹುಬ್ಬಳ್ಳಿಯಲ್ಲಿ ತಿಂಗಳಿಗೆ 30 ಸಾವಿರ ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಕೋಣೆಯ ಬಾಡಿಗೆ, ಹೊರಗಿನ ಊಟ, ವಾರಕ್ಕೊಮ್ಮೆ ಊರಿಗೆ ಬಂದುಹೋಗುವ ವೆಚ್ಚ ಎಂದು 11 ಸಾವಿರ ಕಳೆದರೆ ಕೈಯಲ್ಲಿ ಉಳಿಯುವುದು 19 ಸಾವಿರ. ಸ್ವಂತ ಮನೆಯಲ್ಲಿದ್ದು ಸರಾಸರಿ 18 ಸಾವಿರ ದುಡಿಯುವವನಿಗೆ ಇದೊಂದು ದೊಡ್ಡ ಅಂತರವೇನಲ್ಲ. ಹಾಗಿದ್ದೂ ಅವನು ಹೋಗುತ್ತಾನೆ. ಕಾರಣ, ಆ 18 ಸಾವಿರ ಎಂಬುದು ಸರಾಸರಿ ಮಾತ್ರ. ಯಾವ ತಿಂಗಳಲ್ಲೂ ಅದು ಅಷ್ಟೇ ಆಗಿ ಅವನ ಕೈಗೆ ಬರುವುದಿಲ್ಲ.

ಈ ತಾಲ್ಲೂಕುಗಳ ಗ್ಯಾರೇಜಿನ ವರ್ಷ ಬೆಳೆಯ ವರ್ಷವನ್ನೇ ಅನುಸರಿಸುತ್ತದೆ. ಯುಗಾದಿಯಿಂದ ಕಾರಹುಣ್ಣಿಮೆಯವರೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಗೋವಿನಜೋಳದ ರಾಶಿಯ ಕಾಲಕ್ಕೆ ಮತ್ತೆ ಉಸಿರಾಡಲೂ ಬಿಡುವಿರುವುದಿಲ್ಲ. ನಡುವಿನ ಜಡಿಮಳೆಯ ತಿಂಗಳುಗಳಲ್ಲಿ, ವಿಶೇಷವಾಗಿ ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ ಕಡೆ, ಕೈಕಟ್ಟಿ ಕೂಡುವ ದಿನಗಳೇ ಹೆಚ್ಚು. ಮಾಡಿದ ಕೆಲಸದ ಮಜೂರಿಯಲ್ಲಿ ಇಷ್ಟು ಪಾಲು ಎಂಬ ಕರಾರಿನ ಮೇಲೆ ದುಡಿಯುವ ಮಿಸ್ತ್ರಿಗೆ ಆ ತಿಂಗಳುಗಳು ಉಪವಾಸದವು. ಮಕ್ಕಳ ಶಾಲೆಯ ಶುಲ್ಕ ಬರುವುದೂ ಸರಿಯಾಗಿ ಆಗಲೇ.

ಇದರ ಮೇಲೆ ಉದ್ರಿ. ರೈತ ಗಿರಾಕಿ ಬಿಡಿಭಾಗಗಳ ಹಣವನ್ನಾದರೂ ಕೂಡಲೇ ಕೊಡುತ್ತಾನೆ. ಮಜೂರಿಯನ್ನು ಮಾತ್ರ ರಾಶಿಯಾದ ಮೇಲೆ ಎನ್ನುತ್ತಾನೆ. ಅವನದು ಮೋಸವಲ್ಲ, ಅವನ ಕೈಗೆ ಹಣ ಬರುವುದೇ ಆಗ. ಆದರೆ ಮಜೂರಿ ಎಂದರೆ ಮಿಸ್ತ್ರಿಯ ಅನ್ನ. ಮಾಲಕನು ಬಿಡಿಭಾಗಗಳ ಲಾಭವನ್ನು ಇಂದೇ ಕಂಡು, ಮಿಸ್ತ್ರಿಯ ಪಾಲನ್ನು ಗಿರಾಕಿ ಕೊಟ್ಟಾಗ ಕೊಡುತ್ತೇನೆ ಎಂದರೆ ಉದ್ರಿಯ ಇಡೀ ಭಾರವನ್ನು ಅಂಗಡಿಯ ಅತ್ಯಂತ ಬಡವನ ಹೆಗಲಿಗೆ ಹೊರಿಸಿದಂತೆ. ನಗರದ ಕೆಲಸದಲ್ಲಿ ಅವನನ್ನು ಸೆಳೆಯುವುದು ದೊಡ್ಡ ಮೊತ್ತವಲ್ಲ. ತಿಂಗಳ ಕೊನೆಗೆ ಹಣ ಖಂಡಿತವಾಗಿ ಬರುತ್ತದೆ ಎಂಬ ನಂಬಿಕೆ.

ಮುಂಗಡದ ಕಟ್ಟು

ಈ ಅನಿಶ್ಚಯಕ್ಕೆ ಮಾಲಕರು ಕಂಡುಕೊಂಡ ಹಳೆಯ ಮದ್ದು ಮುಂಗಡ. ಮಗಳ ಮದುವೆಗೆ, ಮನೆಯ ಚಾವಣಿಗೆ, ಆಸ್ಪತ್ರೆಗೆ ಎಂದು ಒಂದು ದೊಡ್ಡ ಮೊತ್ತ ಕೊಟ್ಟರೆ ಅದು ತೀರುವವರೆಗೆ ಮಿಸ್ತ್ರಿ ಕದಲುವಂತಿಲ್ಲ. ಕೊಡುವ ಗಳಿಗೆಯಲ್ಲಿ ಅದು ನಿಜವಾದ ಉಪಕಾರವೇ. ಬ್ಯಾಂಕು ಅವನಿಗೆ ಅಷ್ಟು ಬೇಗ ಸಾಲ ಕೊಡದು. ತೊಡಕು ಬರುವುದು ನಂತರ. ಮುಂಗಡ ಮನುಷ್ಯನನ್ನು ಹಿಡಿದಿಡುತ್ತದೆ, ಅವನ ಮನಸ್ಸನ್ನಲ್ಲ. ತೀರಿದ ದಿನವೇ ಅವನು ಹೊರಡುತ್ತಾನೆ, ಅಥವಾ ಎದುರಿನ ಅಂಗಡಿಯವನು ಆ ಸಾಲವನ್ನು ತೀರಿಸಿ ಕರೆದೊಯ್ಯುತ್ತಾನೆ. ಕುಶಲ ಕೆಲಸಗಾರನಿಗೆ ಹೀಗೆ ಸಾಲದ ಮೊತ್ತವೇ ಬೆಲೆಯಾಗಿಬಿಡುವುದು ಯಾರಿಗೂ ಶೋಭೆಯಲ್ಲ.

ಕಾನೂನಿನ ಎಚ್ಚರಿಕೆಯೂ ಇದೆ. ಮುಂಗಡದ ಕಾರಣದಿಂದ ಕೆಲಸಗಾರ ಬೇರೆಡೆ ದುಡಿಯುವ ಸ್ವಾತಂತ್ರ್ಯವನ್ನೇ ಕಳೆದುಕೊಂಡರೆ ಅದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಜೀತವೆಂದರೆ ಹೊಲದ ಮಾತು ಎಂದುಕೊಂಡಿರುವವರು ಇದನ್ನು ಗಮನಿಸಬೇಕು. ಹಾಗೆಯೇ, ಇಲ್ಲಿ ಕಲಿತವನು ಇದೇ ಊರಿನಲ್ಲಿ ಅಂಗಡಿ ಹಾಕಬಾರದು ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವವರಿದ್ದಾರೆ. ಕೆಲಸ ಬಿಟ್ಟ ನಂತರ ಒಬ್ಬನ ವೃತ್ತಿಯನ್ನು ತಡೆಯುವ ಇಂಥ ಕರಾರು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಊರ್ಜಿತವಾಗುವುದಿಲ್ಲ. ಆ ಕಾಗದದ ಖರ್ಚು ಉಳಿಸಬಹುದು.

ಸಾಲ ಕೊಡಲೇಬೇಕಾದಾಗ ಅದನ್ನು ಸಂಬಳದಿಂದ ಬೇರೆಯಾಗಿಯೇ ಬರೆದಿಟ್ಟು, ತಿಂಗಳಿಗಿಷ್ಟು ಎಂದು ಕಂತು ಗೊತ್ತುಮಾಡಿ, ಕೆಲಸ ಬಿಟ್ಟರೂ ಅದೇ ಕಂತಿನಲ್ಲಿ ತೀರಿಸಬಹುದೆಂದು ಹೇಳುವುದು ಮೇಲು. ಹೋಗಲು ದಾರಿಯಿದೆ ಎಂದು ಗೊತ್ತಿರುವವನು ಅವಸರಪಟ್ಟು ಹೋಗುವುದಿಲ್ಲ.

ಲೆಕ್ಕ ಹೀಗಿರಬಹುದು

ಹಾಗಾದರೆ ಸಂಬಳವನ್ನು ಹೇಗೆ ಕಟ್ಟಬೇಕು? ಕೆಳಗಿನದು ಕೇವಲ ಉದಾಹರಣೆಯ ಲೆಕ್ಕ. ಒಬ್ಬ ಹಿರಿಯ ಮಿಸ್ತ್ರಿಯ ಕೆಲಸದಿಂದ ಅಂಗಡಿಗೆ ಬರುವ ಮಜೂರಿ ಭರಾಟೆಯ ಮೂರು ತಿಂಗಳು ತಲಾ 90 ಸಾವಿರ, ಸಾಧಾರಣ ಆರು ತಿಂಗಳು ತಲಾ 60 ಸಾವಿರ, ಜಡಿಮಳೆಯ ಮೂರು ತಿಂಗಳು ತಲಾ 30 ಸಾವಿರ ಎಂದು ಹಿಡಿಯೋಣ. ಬರೀ ಶೇ. 30ರ ಪಾಲಿನ ಮೇಲೆ ದುಡಿದರೆ ಅವನಿಗೆ ಸಿಗುವುದು ಕ್ರಮವಾಗಿ 27, 18 ಮತ್ತು 9 ಸಾವಿರ. ವರ್ಷದ ಸರಾಸರಿ 18 ಸಾವಿರ. ಇದರ ಬದಲು 15 ಸಾವಿರ ಖಾಯಂ ಸಂಬಳ ಕೊಟ್ಟು, 30 ಸಾವಿರಕ್ಕೆ ಮೇಲ್ಪಟ್ಟ ಮಜೂರಿಯಲ್ಲಿ ಶೇ. 20 ಪಾಲು ಕೊಟ್ಟರೆ ಅದೇ ತಿಂಗಳುಗಳಲ್ಲಿ 27, 21 ಮತ್ತು 15 ಸಾವಿರ ಆಗುತ್ತದೆ. ಸರಾಸರಿ 21 ಸಾವಿರ. ನಗರದಲ್ಲಿ ಉಳಿಯುವ 19 ಸಾವಿರಕ್ಕಿಂತ ಇದು ಮೇಲು. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲೂ ಒಲೆ ಉರಿಯುತ್ತದೆ.

ಮಾಲಕನಿಗೆ ಇದರಿಂದ ವರ್ಷಕ್ಕೆ ಹೆಚ್ಚುವರಿ ಹೊರೆ 36 ಸಾವಿರ. ಭರಾಟೆಯ ಒಂದೇ ಒಂದು ತಿಂಗಳು ಮಿಸ್ತ್ರಿ ಇಲ್ಲದೆ ಹೋದರೆ ಅವನ ಪಾಲು ಕಳೆದು ಅಂಗಡಿಗೆ ತಪ್ಪುವ ಮಜೂರಿ 63 ಸಾವಿರ. ಅಂಗಡಿಯಿಂದ ಅಂಗಡಿಗೆ ಅಂಕಿಗಳು ಬದಲಾಗುತ್ತವೆ, ಖಾಯಂ ಸಂಬಳವು ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವಂತೆಯೂ ಇಲ್ಲ. ಆದರೆ ತನ್ನ ಪುಸ್ತಕ ತೆಗೆದು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದ ಮಾಲಕನಿಗೆ ದುಬಾರಿ ಯಾವುದೆಂಬುದು ತಾನೇ ತಿಳಿಯುತ್ತದೆ. ಪುಸ್ತಕವನ್ನೇ ಇಡದ ಅಂಗಡಿಗಳೇ ಹೆಚ್ಚು ಎಂಬುದು ಬೇರೆ ಮಾತು.

ಪಾಲು ಕೊಡುವಲ್ಲಿ ಒಂದು ಅಪಾಯವಿದೆ. ಬಿಡಿಭಾಗಗಳ ಮಾರಾಟದ ಮೇಲೆ ಮಿಸ್ತ್ರಿಗೆ ಕಮಿಷನ್ ಕೊಟ್ಟರೆ, ತೊಳೆದು ಹಾಕಿದರೆ ಸಾಕಾಗುವ ಇಂಜೆಕ್ಟರ್ ಕೂಡ ಬದಲಾಗತೊಡಗುತ್ತದೆ. ಸಣ್ಣ ಊರಿನಲ್ಲಿ ಇಂಥದ್ದು ಎರಡು ಸಂತೆಗಳೊಳಗೆ ಸುತ್ತಲ ಹಳ್ಳಿಗಳಿಗೆ ಮುಟ್ಟುತ್ತದೆ. ಆದ್ದರಿಂದ ಪಾಲು ಮಜೂರಿಯ ಮೇಲೆ ಮಾತ್ರ ಇರಬೇಕು. ಮರಳಿ ಬಂದ ಕೆಲಸವನ್ನು ಯಾರು ಮಾಡಿದ್ದರೋ ಅವರೇ ಮಜೂರಿಯಿಲ್ಲದೆ ಸರಿಪಡಿಸಬೇಕು. ದೋಷ ಕಳಪೆ ಬಿಡಿಭಾಗದ್ದಾಗಿದ್ದರೆ ಮಾತ್ರ ಆ ಹೊತ್ತಿನ ಬೆಲೆಯನ್ನು ಮಾಲಕ ಭರಿಸಬೇಕು. ಅಗ್ಗದ ನಕಲಿ ಬೇರಿಂಗ್ ತರಿಸಿ, ಅದು ಮುರಿದಾಗ ಗಿರಾಕಿಯ ಮುಂದೆ ಮಿಸ್ತ್ರಿಯನ್ನು ಬೈಯುವ ಮಾಲಕನ ಬಳಿ ಒಳ್ಳೆಯವರು ನಿಲ್ಲದಿರುವುದು ಸಹಜವೇ.

ಜಡಿಮಳೆಯ ತಿಂಗಳುಗಳಿಗೆ ಕೆಲಸವನ್ನು ಮೊದಲೇ ಕೂಡಿಟ್ಟುಕೊಳ್ಳಲೂ ಸಾಧ್ಯ. ರಾಶಿ ಯಂತ್ರಗಳು ದೀಪಾವಳಿಯ ಆಸುಪಾಸಿನಲ್ಲಿ ಮಾತ್ರ ಬೇಕಾಗುವಂಥವು. ಅವುಗಳ ಬೆಲ್ಟು, ಬೇರಿಂಗ್, ಜರಡಿಯ ಕೆಲಸವನ್ನು ಆಗಸ್ಟ್ ತಿಂಗಳಿಗೇ ತರುವವರಿಗೆ ಮಜೂರಿಯಲ್ಲಿ ಒಂದಿಷ್ಟು ರಿಯಾಯಿತಿ ಕೊಟ್ಟರೆ ಇಬ್ಬರಿಗೂ ಲಾಭ. ಔಷಧಿ ಹೊಡೆಯುವ ಪಂಪುಗಳು, ಶಾಲಾ ವ್ಯಾನುಗಳ ವಾರ್ಷಿಕ ಕೆಲಸ ಇವೂ ಆ ದಿನಗಳಿಗೆ ಹೊಂದುತ್ತವೆ.

ಕಲಿಕೆ ನಿಂತಲ್ಲಿ ಕಾಲು ನಿಲ್ಲದು

ಇತ್ತೀಚಿನ ವರ್ಷಗಳಲ್ಲಿ ಸಂಬಳಕ್ಕಿಂತಲೂ ಬಲವಾದ ಇನ್ನೊಂದು ಕಾರಣ ಸೇರಿಕೊಂಡಿದೆ. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಬಿಎಸ್-6 ಮಾನದಂಡ ಕಡ್ಡಾಯವಾಯಿತು. ಅದರೊಂದಿಗೆ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಧನ ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿತು. ಸ್ಕ್ರೂ ತಿರುಗಿಸಿ ಸದ್ದು ಕೇಳಿ ಹೊಂದಿಸುತ್ತಿದ್ದ ಕೆಲಸವನ್ನು ಈಗ ಸೆನ್ಸರುಗಳು ಮತ್ತು ನಿಯಂತ್ರಣ ಘಟಕ ಮಾಡುತ್ತವೆ. ದೋಷವನ್ನು ಓದಲು ಸ್ಕ್ಯಾನರ್ ಬೇಕು. ಇಪ್ಪತ್ತು ವರ್ಷ ಅನುಭವವಿದ್ದ ಕೈಗಳು ಹೊಸ ಬೈಕಿನ ಮುಂದೆ ಏಕಾಏಕಿ ಹೊಸಗಲಿಕೆಯವಾದವು.

ಟ್ರ್ಯಾಕ್ಟರಿನಲ್ಲಿ ಬದಲಾವಣೆ ಅಷ್ಟು ತೀವ್ರವಲ್ಲ. 2023ರ ಜನವರಿಯಿಂದ ಜಾರಿಯಾದ ಕಠಿಣ ಮಾನದಂಡ 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರುಗಳಿಗೆ ಸಂಬಂಧಿಸಿದ್ದು. ಅದಕ್ಕಿಂತ ಸಣ್ಣವುಗಳಲ್ಲಿ ಹಳೆಯ ಯಾಂತ್ರಿಕ ಪಂಪಿನ ವಿದ್ಯೆಗೆ ಇನ್ನೂ ಬೆಲೆಯಿದೆ. ಹಿರಿಯ ಮಿಸ್ತ್ರಿಯ ಬದುಕು ನಡೆಯುತ್ತದೆ. ಚಿಂತೆಗೊಳಗಾಗುವವನು ಇಪ್ಪತ್ತೈದರ ಯುವಕ. ಮುಂದಿನ ಮೂವತ್ತು ವರ್ಷ ತಾನು ದುಡಿಯಬೇಕಾದ ವಾಹನಗಳನ್ನು ಈ ಅಂಗಡಿಯಲ್ಲಿ ಕಲಿಯಲಾರೆ ಎಂದು ಅನ್ನಿಸಿದ ದಿನ ಅವನು ಹೊರಡುವ ವಿಚಾರ ಮಾಡುತ್ತಾನೆ.

ಇಂಥಲ್ಲಿ ಕೆಲವು ಮಾಲಕರು ಮಾಡುವ ತಪ್ಪು ವಿಚಿತ್ರವಾದದ್ದು. ಸ್ಕ್ಯಾನರ್ ಕೊಂಡು ಅದನ್ನು ಕಪಾಟಿನಲ್ಲಿಟ್ಟು ಕೀಲಿ ತಾವೇ ಇಟ್ಟುಕೊಳ್ಳುತ್ತಾರೆ. ಕಲಿತರೆ ಹೋಗಿಬಿಡುತ್ತಾನೆ ಎಂಬ ಅಂಜಿಕೆ. ಕಲಿಸದಿದ್ದರೂ ಹೋಗುತ್ತಾನೆ, ಬೇಗ ಹೋಗುತ್ತಾನೆ. ಬಿಡಿಭಾಗಗಳ ಕಂಪನಿಗಳು ನಡೆಸುವ ಒಂದು ದಿನದ ತರಬೇತಿಗೆ ಮಾಲಕನೇ ಹೋಗಿ ಊಟ ಮಾಡಿ ಬರುವುದಕ್ಕಿಂತ ಹುಡುಗನನ್ನು ಕಳಿಸಿ ಆ ದಿನದ ಸಂಬಳ ಕೊಟ್ಟರೆ ಅಂಗಡಿಗೆ ಬರುವ ವಿದ್ಯೆ ಹೆಚ್ಚು.

ಹೊಸ ಕೈಗಳು ಬರುವ ದಾರಿಯೂ ಬದಲಾಗಿದೆ. ಹಿಂದೆ ಹತ್ತು ಹನ್ನೆರಡರ ಹುಡುಗ ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಿದ್ದ. 14 ವರ್ಷದೊಳಗಿನವರ ದುಡಿಮೆಯನ್ನು 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು. ಹಾಗೆ ಆಗಬೇಕಾಗಿಯೂ ಇತ್ತು. ಈಗ ಬರುವವನು ಐಟಿಐ ಮುಗಿಸಿದ, ಮೊದಲ ದಿನದಿಂದಲೇ ಸಂಬಳ ನಿರೀಕ್ಷಿಸುವ ಯುವಕ. 2022ರಲ್ಲಿ ಲೋಕಾರ್ಪಣೆಯಾದ ಯೋಜನೆಯಡಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿದ್ದರಿಂದ ಅವನ ಕಣ್ಣು ವಿದ್ಯುತ್ ವಾಹನದವರೆಗೂ ಹೋಗಿದೆ. ಸರ್ಕಾರದ ಅಪ್ರೆಂಟಿಸ್ ಯೋಜನೆಯಲ್ಲಿ ತಿಂಗಳ ಭತ್ಯೆಯ ಕಾಲು ಭಾಗವನ್ನು, 1,500 ರೂ. ಮಿತಿಯೊಳಗೆ, ಕೇಂದ್ರವೇ ಭರಿಸುತ್ತದೆ. ಆದರೆ 2019ರ ನಿಯಮದಂತೆ ಕನಿಷ್ಠ ನಾಲ್ವರು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅಪ್ರೆಂಟಿಸ್ ಪಡೆಯುವ ಅವಕಾಶ. ಇಬ್ಬರ ಗ್ಯಾರೇಜು ಅಲ್ಲಿಯೂ ಹೊರಗೇ ಉಳಿಯುತ್ತದೆ.

ಹೊರಗುಳಿಯುವುದು ಈ ಅಂಗಡಿಗಳ ಹಣೆಬರಹವೆಂಬಂತಿದೆ. ಇಎಸ್‌ಐ ಸೌಲಭ್ಯಕ್ಕೆ ಹತ್ತು ಜನ ಬೇಕು, ಭವಿಷ್ಯನಿಧಿಗೆ ಇಪ್ಪತ್ತು. 2023ರ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರನಿದ್ದಾನೆ, ಬೀಗ ಮಾಡುವವನಿದ್ದಾನೆ, ವಾಹನದ ಮಿಸ್ತ್ರಿ ಇಲ್ಲ. ಇದಕ್ಕೆ ಅಪವಾದವೆಂದರೆ ರಾಜ್ಯದ ಕಾರ್ಮಿಕ ಇಲಾಖೆ. ಅಸಂಘಟಿತ ಕಾರ್ಮಿಕರಿಗಾಗಿ ಇರುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿ ಮೆಕ್ಯಾನಿಕ್‌ಗಳು ಸೇರಿದ್ದಾರೆ. ಮೋಟಾರು ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು 2024ರಲ್ಲಿ ರಾಜ್ಯ ತಂದ ಕಾಯ್ದೆ ಚಾಲಕರ ಜೊತೆ ಗ್ಯಾರೇಜಿನ ಕೆಲಸಗಾರರನ್ನೂ ಒಳಗೊಂಡಿದ್ದು, ನೋಂದಾಯಿತರು ಅಪಘಾತದಲ್ಲಿ ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ ರೂ. ಪರಿಹಾರಕ್ಕೆ ಅವಕಾಶವಿದೆ. ನೋಂದಣಿಗೆ ಒಂದು ದಿನ ರಜೆ ಕೊಟ್ಟು, ಕಾಗದಪತ್ರ ಹೊಂದಿಸಿಕೊಟ್ಟು ಕಳಿಸುವ ಮಾಲಕರು ಎಷ್ಟು ಜನ? ಬ್ಯಾಂಕ್ ಖಾತೆಯ ಮೂಲಕ ಮಾಡಿಸುವ ಸುರಕ್ಷಾ ಬಿಮಾ ಮತ್ತು ಜೀವನ್ ಜ್ಯೋತಿ ಬಿಮಾ ಯೋಜನೆಗಳ ಕಂತು ವರ್ಷಕ್ಕೆ 20 ಮತ್ತು 436 ರೂ. ಎರಡೂ ಸೇರಿ 456. ಮಹಾನವಮಿಗೆ ಹತ್ಯಾರುಗಳ ಪೂಜೆಯ ದಿನ ಕೊಡುವ ಹೊಸ ಬಟ್ಟೆಗಿಂತ ಇದು ಅಗ್ಗ. ಬಟ್ಟೆಯನ್ನು ನಿಲ್ಲಿಸಬೇಕೆಂದಲ್ಲ.

ಹೊರಡುವವನನ್ನು ಏನು ಮಾಡುವುದು?

ಎಷ್ಟು ಚೆನ್ನಾಗಿ ನೋಡಿಕೊಂಡರೂ ಕೆಲವರು ಹೋಗಿಯೇ ಹೋಗುತ್ತಾರೆ. ಅತ್ಯಂತ ಜಾಣ ಮಿಸ್ತ್ರಿ ಒಂದು ದಿನ ತಾನೇ ಮಾಲಕನಾಗಬೇಕೆಂದು ಬಯಸುವುದು ಸಹಜ. ಇಂದಿನ ಮಾಲಕರಲ್ಲಿ ಅನೇಕರು ಹಾಗೆಯೇ ಬಂದವರು. ಅದನ್ನು ದ್ರೋಹವೆಂದು ಕರೆದು ವರ್ಷಗಟ್ಟಲೆ ಮಾತು ಬಿಡುವುದು ರೂಢಿ. ಬೇರೆ ದಾರಿಯೂ ಇದೆ.

ಈ ತಾಲ್ಲೂಕುಗಳಲ್ಲಿ ಗ್ಯಾರೇಜುಗಳು ಬಹುಮಟ್ಟಿಗೆ ತಾಲ್ಲೂಕು ಕೇಂದ್ರದಲ್ಲೇ ಗುಂಪುಗೂಡಿವೆ. ಹಾನಗಲ್ಲಿಗೆ ಅಕ್ಕಿಆಲೂರು, ತಿಳವಳ್ಳಿ, ಶಿಗ್ಗಾವಿಗೆ ಬಂಕಾಪುರ, ತಡಸ, ಸವಣೂರಿಗೆ ಹತ್ತಿಮತ್ತೂರು, ಹಿರೇಕೆರೂರಿಗೆ ಹಂಸಭಾವಿ, ಚಿಕ್ಕೇರೂರು ಹೀಗೆ ಸುತ್ತಲೂ ದೊಡ್ಡ ಊರುಗಳಿವೆ. ಹೊರಡಲು ಸಿದ್ಧನಾದ ಮಿಸ್ತ್ರಿಯೊಂದಿಗೆ ಒಂದು ವರ್ಷ ಮೊದಲೇ ಮಾತಾಡಿ, ಅಂಥ ಊರಿನಲ್ಲಿ ಪಾಲುದಾರಿಕೆಯ ಅಂಗಡಿ ತೆರೆಸುವುದು ಎದುರುಬದುರು ಸ್ಪರ್ಧೆಗಿಂತ ಇಬ್ಬರಿಗೂ ಹಿತ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಹತ್ಯಾರು, ಕಂಪ್ರೆಸರ್, ಜ್ಯಾಕುಗಳಿಗೆ ಅಷ್ಟು ಸಾಕು. ಬಿಡಿಭಾಗಗಳನ್ನು ಎರಡೂ ಅಂಗಡಿಗಳಿಗೆ ಒಟ್ಟಿಗೆ ತರಿಸಿದರೆ ಹುಬ್ಬಳ್ಳಿಯ ಸಗಟು ವ್ಯಾಪಾರಿ ದರದಲ್ಲಿ ಬಿಡುತ್ತಾನೆ. ಪಾಲು ಎಷ್ಟು, ಎಷ್ಟು ವರ್ಷ, ಬೇರೆಯಾಗುವಾಗ ಹತ್ಯಾರು ಯಾರದು ಎಂಬ ಮೂರು ವಿಷಯಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಜಗಳ ಹುಟ್ಟುವುದು ಬಹುಪಾಲು ಮೂರನೆಯದರಲ್ಲಿ.

ಹೀಗೆ ಹೋದವನ ಜಾಗಕ್ಕೆ ಎರಡನೆಯವನನ್ನು ಆ ಒಂದು ವರ್ಷದಲ್ಲಿ ಅವನೇ ತಿದ್ದಬೇಕೆಂಬುದು ಕರಾರಿನ ಭಾಗವಾಗಿರಲಿ; ಗಿರಾಕಿಗಳ ವಾಹನಗಳ ಬಗ್ಗೆ ಅವನ ತಲೆಯಲ್ಲಿರುವುದನ್ನು ಒಂದು ನೋಟ್‌ಬುಕ್ಕಿಗೆ ಇಳಿಸಲೂ ಆಗ ಸಮಯ ಸಿಗುತ್ತದೆ. ಸಣ್ಣಪುಟ್ಟ ಕೆಲಸಗಳು ಅಕ್ಕಿಆಲೂರಿನಲ್ಲೋ ಹಂಸಭಾವಿಯಲ್ಲೋ ಮುಗಿದರೂ ಇಂಜಿನ್ ಪೂರ್ತಿ ಬಿಚ್ಚುವ, ಗೇರ್ ಬಾಕ್ಸ್ ಇಳಿಸುವ ದೊಡ್ಡ ಕೆಲಸಗಳು ಆ ಹೊಸ ಅಂಗಡಿಯಿಂದ ಹಳೆಯ ಅಂಗಡಿಗೇ ಬರುತ್ತವೆ.